ಹೆರಿಗೆ ಬೇನೆಯ ಹೊತ್ತಿಗೆ ಸ್ವಸಮ್ಮೋಹನ: ಮನೆಯಲ್ಲಿ ಅಭ್ಯಾಸ ಮಾಡುವುದು ಹೇಗೆ?

ಹೆರಿಗೆಯ ಮಾತು ಬಂದಾಗಲೆಲ್ಲ "ಅದು ಹೆಣ್ಣಿಗೆ ಮರುಹುಟ್ಟು" ಎನ್ನುವವರು ನಮ್ಮಲ್ಲಿ ಒಬ್ಬರಾದರೂ ಇದ್ದೇ ಇರುತ್ತಾರೆ. ಸೀಮಂತಕ್ಕೆ ಬಂದ ಹೆಂಗಸರು ಬಳೆ ತೊಡಿಸಿ, ಆರತಿ ಎತ್ತಿ, ಊಟಕ್ಕೆ ಕುಳಿತಲ್ಲಿ ತಮ್ಮ ತಮ್ಮ ಹೆರಿಗೆಯ ಕಥೆ ತೆಗೆಯುತ್ತಾರೆ: ಎರಡು ದಿನ ಬೇನೆ ತಿಂದದ್ದು, ಕೊನೆಗಳಿಗೆಯಲ್ಲಿ ಆಪರೇಷನ್‌ಗೆ ಒಯ್ದದ್ದು, ಹೊಲಿಗೆ ಹಾಕಿಸಿಕೊಂಡದ್ದು. ಎಲ್ಲರೂ ಹೇಳುವುದು ಪ್ರೀತಿಯಿಂದಲೇ. ಆದರೆ ನಡುವೆ ಕುಳಿತು ಕೇಳುವ ಏಳು ತಿಂಗಳ ಬಸುರಿಯ ಭುಜಗಳು ಅವಳಿಗೇ ತಿಳಿಯದಂತೆ ಕಿವಿಯ ಕಡೆಗೆ ಏರಿರುತ್ತವೆ. ಆ ಭುಜಗಳನ್ನು ಕೆಳಗಿಳಿಸುವುದನ್ನು ಕಲಿಯಬಹುದು, ಕಲಿಯಲು ಆ ಏಳನೆಯ ತಿಂಗಳೇ ಒಳ್ಳೆಯ ಸಮಯ.

ಇಂಗ್ಲೆಂಡಿನ ಹೆರಿಗೆ ವೈದ್ಯ ಗ್ರಾಂಟ್ಲಿ ಡಿಕ್-ರೀಡ್ ಅವರು 1933ರಷ್ಟು ಹಿಂದೆಯೇ ಭಯ, ಬಿಗಿತ, ನೋವು ಈ ಮೂರೂ ಒಂದನ್ನೊಂದು ಹೆಚ್ಚಿಸುತ್ತ ಹೋಗುತ್ತವೆ ಎಂದು ವಾದಿಸಿದ್ದರು. ಹೆದರಿದಾಗ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ; ದವಡೆ, ಭುಜ, ತೊಡೆಗಳ ಸ್ನಾಯುಗಳು ಬಿಗಿಯುತ್ತವೆ; ಉಸಿರು ಎದೆಯ ಮೇಲ್ಭಾಗದಲ್ಲಷ್ಟೇ ಆಡುತ್ತದೆ. ಹೆರಿಗೆಯ ನೋವೆಲ್ಲವೂ ಭಯದಿಂದಲೇ ಹುಟ್ಟುತ್ತದೆ ಎನ್ನುವುದು ಸರಿಯಲ್ಲ, ಏಕೆಂದರೆ ಗರ್ಭಕೋಶ ಹಿಂಡುವುದು, ಅದರ ಕೊರಳು ತೆರೆದುಕೊಳ್ಳುವುದು ನಿಜವಾದ ನೋವೇ. ಆದರೆ ಆ ನೋವಿನ ಮೇಲೆ ಭಯವು ಹೇರುವ ಹೆಚ್ಚಿನ ಭಾರವನ್ನು ಇಳಿಸಲು ಸಾಧ್ಯವಿದೆ. ಸ್ವಸಮ್ಮೋಹನ ಮಾಡುವ ಕೆಲಸ ಇಷ್ಟೇ, ಮತ್ತು ಇದು ಸಣ್ಣ ಕೆಲಸವಲ್ಲ.

ಸಮ್ಮೋಹನವೆಂದ ಕೂಡಲೇ ವೇದಿಕೆಯ ಮೇಲೆ ಗಡಿಯಾರ ತೂಗಾಡಿಸುವ ಜಾದೂಗಾರನೋ ವಶೀಕರಣದ ಜಾಹೀರಾತೋ ನೆನಪಾಗುವುದು ಸಹಜ. ಇಲ್ಲಿ ಅಂಥದ್ದೇನೂ ಇಲ್ಲ. ಕಾದಂಬರಿಯಲ್ಲಿ ಮುಳುಗಿದವಳಿಗೆ ಒಲೆಯ ಮೇಲಿನ ಹಾಲು ಉಕ್ಕಿದ್ದು ತಿಳಿಯುವುದಿಲ್ಲವಲ್ಲ, ಹಾಗೆ ಗಮನವೆಲ್ಲ ಒಂದೆಡೆ ನೆಟ್ಟು ಉಳಿದದ್ದು ಹಿಂದೆ ಸರಿಯುವ ಸ್ಥಿತಿಯನ್ನು ಬೇಕೆಂದಾಗ ತಂದುಕೊಳ್ಳುವುದೇ ಸ್ವಸಮ್ಮೋಹನ. ಎಚ್ಚರ ತಪ್ಪುವುದಿಲ್ಲ, ಮಾತು ಕೇಳಿಸುತ್ತಿರುತ್ತದೆ, ಬೇಡವೆನಿಸಿದ ಕ್ಷಣ ಕಣ್ಣು ತೆರೆದು ಎದ್ದು ಕೂರಬಹುದು. ಯೋಗನಿದ್ರೆ ಮಾಡಿ ಗೊತ್ತಿರುವವರಿಗೆ ಇದರ ಅರ್ಧ ದಾರಿ ಆಗಲೇ ಪರಿಚಿತ.

ಎಷ್ಟು ಫಲ ನಿರೀಕ್ಷಿಸಬಹುದು ಎಂಬುದನ್ನು ಮೊದಲೇ ಪ್ರಾಮಾಣಿಕವಾಗಿ ಹೇಳಿಬಿಡುತ್ತೇನೆ, ಏಕೆಂದರೆ "ನೋವೇ ಇಲ್ಲದ ಹೆರಿಗೆ" ಎಂದು ಆಸೆ ಹುಟ್ಟಿಸಿ ಹಣ ಪಡೆಯುವ ತರಗತಿಗಳೂ ಇವೆ. ಚೊಚ್ಚಲ ಬಸುರಿಯರಾದ 680 ಮಂದಿಯನ್ನು ಒಳಗೊಂಡು ಬ್ರಿಟನ್ನಿನಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸ್ವಸಮ್ಮೋಹನ ಕಲಿತವರಲ್ಲಿ ಶೇ 28ರಷ್ಟು ಮಂದಿ ಬೆನ್ನಿಗೆ ಕೊಡುವ ಎಪಿಡ್ಯೂರಲ್ ಅರಿವಳಿಕೆ ಪಡೆದರೆ, ಕಲಿಯದವರಲ್ಲಿ ಶೇ 30ರಷ್ಟು ಮಂದಿ ಪಡೆದರು. ಇದನ್ನು ವ್ಯತ್ಯಾಸವೆಂದು ಪರಿಗಣಿಸಲಾಗದು. ಹೆರಿಗೆಯಾಗಿ ಎರಡು ವಾರಗಳ ನಂತರ ಕೇಳಿದಾಗ ಮಾತ್ರ, ತಾವು ಅಂದುಕೊಂಡಿದ್ದಕ್ಕಿಂತ ಭಯ, ಆತಂಕ ಕಡಿಮೆಯಿತ್ತೆಂಬ ಅನುಭವ ಕಲಿತವರಲ್ಲಿ ಹೆಚ್ಚಾಗಿ ಕಂಡುಬಂತು. 2016ರಲ್ಲಿ ಒಂಬತ್ತು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡಿದ, ವೈದ್ಯಕೀಯ ಅಧ್ಯಯನಗಳನ್ನು ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವರದಿಯು, ನೋವಿನ ಔಷಧಗಳ ಒಟ್ಟು ಬಳಕೆ ಕಡಿಮೆಯಾಗಬಹುದು, ಎಪಿಡ್ಯೂರಲ್ ಬಳಕೆ ಕಡಿಮೆಯಾಗುವಂತೆ ಕಾಣುವುದಿಲ್ಲ ಎಂದಿತು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೂ, ನೋವು ಶಮನ ಬಯಸುವ ಆರೋಗ್ಯವಂತ ಗರ್ಭಿಣಿಯರಿಗೆ ಸ್ನಾಯು ಸಡಿಲಿಕೆ, ಉಸಿರಾಟ, ಸಂಗೀತದಂಥ ವಿಧಾನಗಳನ್ನು ಶಿಫಾರಸು ಮಾಡಿದೆ.

ಆರಂಭಿಸುವ ಮೊದಲು

ನಿಮ್ಮನ್ನು ನೋಡುತ್ತಿರುವ ವೈದ್ಯರಿಗೆ ವಿಷಯ ತಿಳಿಸಿ. ತೀವ್ರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆದವರು, ಮೂರ್ಛೆರೋಗ ಇರುವವರು, ಹಿಂದಿನ ಹೆರಿಗೆಯಲ್ಲಿಯೋ ಬದುಕಿನಲ್ಲಿಯೋ ಆಳವಾದ ಆಘಾತ ಅನುಭವಿಸಿದವರು ಇದನ್ನು ಒಬ್ಬರೇ ಆರಂಭಿಸಬಾರದು, ಏಕೆಂದರೆ ಮೈ ಪೂರಾ ಸಡಿಲಗೊಂಡಾಗ ಅದುಮಿಟ್ಟ ನೆನಪುಗಳು ಮೇಲೆದ್ದು ಕಂಗೆಡಿಸಬಹುದು. ಭಯ ನಿದ್ದೆಗೆಡಿಸುವಷ್ಟಿದ್ದರೆ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್‌ಗೆ 14416 ಸಂಖ್ಯೆಯಲ್ಲಿ ಕರೆ ಮಾಡಿ ಮಾತನಾಡಬಹುದು.

ಏಳು ತಿಂಗಳು ತುಂಬುವ ಹೊತ್ತಿಗೆ ಆರಂಭಿಸಿದರೆ ಎರಡು ತಿಂಗಳ ಅಭ್ಯಾಸ ಸಿಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ ಸಾಕು. ಆದರೆ ಅದು ದಿನವೂ ನಡೆಯಬೇಕು, ಸಾಧ್ಯವಾದರೆ ಒಂದೇ ಹೊತ್ತಿಗೆ. ಬೇನೆ ಬಂದ ದಿನ ಮೊಬೈಲ್ ತೆರೆದು ಕಲಿಯುತ್ತೇನೆ ಎಂದರೆ ಪ್ರವಾಹ ಬಂದಾಗ ಈಜು ಕಲಿಯಲು ಹೊರಟಂತೆ.

ಮಲಗುವ ಭಂಗಿ ಮುಖ್ಯ. ಶವಾಸನದಂತೆ ಅಂಗಾತ ಮಲಗಬೇಡಿ. ತುಂಬಿದ ಗರ್ಭಕೋಶದ ಭಾರ ದೊಡ್ಡ ರಕ್ತನಾಳವನ್ನು ಒತ್ತಿ ತಲೆ ಸುತ್ತಿಸಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಎಡಮಗ್ಗುಲಿಗೆ ಹೊರಳಿ, ಮಂಡಿಗಳ ನಡುವೆ ಒಂದು ದಿಂಬು, ಹೊಟ್ಟೆಯ ಕೆಳಗೆ ಮಡಚಿದ ಹಳೆಯ ಸೀರೆ ಇಟ್ಟುಕೊಂಡರೆ ಮೈಯ ಯಾವ ಭಾಗವೂ ಇನ್ನೊಂದರ ಭಾರ ಹೊರಬೇಕಾಗುವುದಿಲ್ಲ.

ಉಸಿರು ಮತ್ತು ಸ್ನಾಯುಗಳು

ಮೊದಲ ವಾರ ಬೇರೇನೂ ಬೇಡ, ಉಸಿರಷ್ಟೇ ಸಾಕು. ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಉಸಿರು ತೆಗೆದುಕೊಳ್ಳಿ. ತುಟಿ ಸಡಿಲ ಬಿಟ್ಟು, ಬಿಸಿ ಗಂಜಿಯನ್ನು ಆರಿಸುವಂತೆ ಮೆಲ್ಲಗೆ, ಆರೋ ಎಂಟೋ ಎಣಿಸುವವರೆಗೆ ಹೊರಬಿಡಿ. ಉಸಿರು ಕಟ್ಟಿ ಹಿಡಿಯುವ ಕುಂಭಕ ಬಸುರಿಯರಿಗೆ ಬೇಡ. ಬೆರಳ ತುದಿ ಜುಮುಗುಟ್ಟಿದರೆ, ತಲೆ ಹಗುರಾದಂತಾದರೆ ನೀವು ಅತಿ ವೇಗವಾಗಿ ಉಸಿರಾಡುತ್ತಿದ್ದೀರಿ ಎಂದು ತಿಳಿದು ನಿಧಾನಿಸಿ.

ಎರಡನೆಯ ವಾರ ಸ್ನಾಯುಗಳನ್ನು ಸೇರಿಸಿಕೊಳ್ಳಿ. ಅಮೆರಿಕದ ವೈದ್ಯ ಎಡ್ಮಂಡ್ ಜೇಕಬ್‌ಸನ್ ಕಳೆದ ಶತಮಾನದ ಮೊದಲ ಭಾಗದಲ್ಲಿ ರೂಪಿಸಿದ ಕ್ರಮ ಬಹಳ ಸರಳವಾದದ್ದು: ಒಂದು ಸ್ನಾಯುವನ್ನು ಬೇಕೆಂದೇ ಬಿಗಿದು, ಐದು ಎಣಿಸಿ, ಒಮ್ಮೆಲೇ ಬಿಟ್ಟುಬಿಡುವುದು. ಬಿಗಿತ ಹೇಗಿರುತ್ತದೆಂದು ಗೊತ್ತಾದಾಗಲೇ ಸಡಿಲವೆಂದರೇನು ಎಂಬುದು ಮೈಗೆ ತಿಳಿಯುತ್ತದೆ. ಮುಷ್ಟಿ, ತೋಳು, ಭುಜ, ಹಣೆ, ದವಡೆ, ತೊಡೆ ಹೀಗೆ ಸಾಗಿ. ಪಾದದ ಬೆರಳುಗಳನ್ನು ಮುಂದಕ್ಕೆ ಚಾಚಿ ಬಿಗಿಯಬೇಡಿ, ಬಸುರಿಯರಿಗೆ ಮೀನಖಂಡ ಹಿಡಿದುಕೊಳ್ಳುವುದು ಬಲು ಬೇಗ. ದವಡೆಗೆ ಹೆಚ್ಚು ಸಮಯ ಕೊಡಿ. ನೋವು ಬಂದಾಗ ನಾವು ಹಲ್ಲು ಕಚ್ಚಿ ತಡೆದುಕೊಳ್ಳುವುದನ್ನು ಚಿಕ್ಕಂದಿನಿಂದ ಕಲಿತಿದ್ದೇವೆ. ಈ ಎರಡು ತಿಂಗಳಲ್ಲಿ ಮರೆಯಬೇಕಾದದ್ದು ಅದನ್ನೇ.

ನಿಮ್ಮದೇ ಮಾತು, ನಿಮ್ಮದೇ ಭಾಷೆ

ಮೈ ಸಡಿಲವಾದ ಮೇಲೆ ಹತ್ತರಿಂದ ಒಂದರವರೆಗೆ ಹಿಂದಕ್ಕೆ ಎಣಿಸುತ್ತ, ಪ್ರತಿ ಅಂಕಿಗೂ ಒಂದು ಮೆಟ್ಟಿಲು ಕೆಳಗಿಳಿದಂತೆ ಭಾವಿಸಿ. ಕೊನೆಯ ಮೆಟ್ಟಿಲಿನಾಚೆ ನಿಮಗೆ ನಿಜವಾಗಿಯೂ ನೆಮ್ಮದಿ ಕೊಟ್ಟ ಒಂದು ಜಾಗವಿರಲಿ. ಪುಸ್ತಕಗಳು ಸಾಮಾನ್ಯವಾಗಿ ಕಡಲತೀರವನ್ನು ಸೂಚಿಸುತ್ತವೆ, ಆದರೆ ಕಡಲನ್ನು ಎರಡು ಸಲವಷ್ಟೇ ನೋಡಿದವರಿಗೆ ಅದು ಆಸರೆಯಾಗಲಾರದು. ಅಜ್ಜಿಮನೆಯ ತಂಪು ಜಗಲಿ, ಮಳೆ ನಿಂತ ಮೇಲೆ ಹಂಚಿನಿಂದ ತೊಟ್ಟಿಕ್ಕುವ ನೀರು, ಊರ ಗುಡಿಯ ಕಲ್ಲಿನ ನೆಲ ಇಂಥದ್ದೇ ಆಗಬೇಕು. ಅಲ್ಲಿನ ಸದ್ದು, ವಾಸನೆ, ಪಾದಕ್ಕೆ ತಾಗುವ ತಂಪು ಎಲ್ಲವನ್ನೂ ಒಂದೊಂದಾಗಿ ಕರೆಯಿರಿ.

ಈ ಸ್ಥಿತಿಯಲ್ಲಿ ಮನಸ್ಸಿಗೆ ಹೇಳಿಕೊಳ್ಳುವ ಮಾತುಗಳನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು. ಅಂತರ್ಜಾಲದಲ್ಲಿ ಸಿಗುವ ಧ್ವನಿಮುದ್ರಣಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತವೆ, ಕನ್ನಡದಲ್ಲಿದ್ದರೂ ವಾರ್ತೆ ಓದಿದಂತಿರುತ್ತವೆ. ಜ್ವರ ಬಂದಾಗ ನಿಮ್ಮ ತಾಯಿ ತಲೆ ನೇವರಿಸುತ್ತ ಆಡಿದ ನುಡಿ ಯಾವುದೋ ಅದರಲ್ಲೇ ಬರೆಯಿರಿ. ಅದು ಧಾರವಾಡದ ಮಾತಾಗಿರಲಿ, ಕುಂದಾಪುರದ್ದಾಗಿರಲಿ, ತುಳುವೋ ಕೊಂಕಣಿಯೋ ಉರ್ದುವೋ ಆಗಿರಲಿ. ವಾಕ್ಯಗಳು ಚಿಕ್ಕದಾಗಿರಲಿ: "ಒಂದು ಅಲೆ ಬಂತು, ಏರಿತು, ಇಳೀತಾ ಇದೆ." "ನನ್ನ ಭುಜ ಸಡಿಲ, ನನ್ನ ಕೈ ಸಡಿಲ." "ಪ್ರತಿ ಬೇನೆಗೂ ನನ್ನ ಮಗು ಒಂದಿಷ್ಟು ಹತ್ತಿರ." ಗಮನಿಸಿ, ಇವುಗಳಲ್ಲಿ ಭಯವೆಂಬ ಪದವೇ ಇಲ್ಲ. "ಹೆದರಬೇಡ" ಎಂದೊಡನೆ ಮನಸ್ಸು ಮೊದಲು ಹಿಡಿದುಕೊಳ್ಳುವುದು ಹೆದರಿಕೆಯನ್ನೇ, "ಬೇಡ" ಎಂಬುದು ಕಿವಿಗೆ ಬೀಳುವುದು ಆಮೇಲೆ.

ಮಾತು ಹೇಳಿಕೊಳ್ಳುವಾಗಲೆಲ್ಲ ಹೆಬ್ಬೆರಳು, ತೋರುಬೆರಳುಗಳನ್ನು ಮೆಲ್ಲಗೆ ಜೋಡಿಸುವ ಅಭ್ಯಾಸ ಇಟ್ಟುಕೊಂಡರೆ, ದಿನಗಳು ಕಳೆದಂತೆ ಆ ಸ್ಪರ್ಶವೊಂದೇ ಮೈಯನ್ನು ಸಡಿಲಗೊಳಿಸಲು ಸಂಜ್ಞೆಯಾಗುತ್ತದೆ. ಮುಗಿಸುವಾಗ ಒಂದರಿಂದ ಐದು ಎಣಿಸಿ, ಕೈಕಾಲು ಆಡಿಸಿ, ನಿಧಾನವಾಗಿ ಏಳಿ.

ಮಂಜುಗಡ್ಡೆಯ ಪರೀಕ್ಷೆ

ಒಂದು ತಿಂಗಳಾದ ಮೇಲೆ ಕಲಿತದ್ದನ್ನು ಪರೀಕ್ಷಿಸಿಕೊಳ್ಳಲು ಫ್ರಿಜ್‌ನ ಮಂಜುಗಡ್ಡೆಯ ಒಂದು ತುಂಡು ಸಾಕು. ಅದನ್ನು ಅಂಗೈಯಲ್ಲಿ ಹಿಡಿದು, ಜೊತೆಯಲ್ಲಿರುವವರಿಗೆ ಒಂದು ನಿಮಿಷ ಲೆಕ್ಕ ಹಾಕಲು ಹೇಳಿ. ಮೊದಲ ಸಲ ಸುಮ್ಮನೆ ಹಿಡಿದುಕೊಳ್ಳಿ: ಇಪ್ಪತ್ತನೆಯ ಸೆಕೆಂಡಿನ ಹೊತ್ತಿಗೆ ಕೈ ಕೊರೆಯತೊಡಗುತ್ತದೆ, ಮಣಿಕಟ್ಟಿನವರೆಗೆ ನೋವು ಏರುತ್ತದೆ, ಹುಬ್ಬು ಗಂಟಿಕ್ಕುತ್ತದೆ, ಇನ್ನೊಂದು ಕೈಯೂ ತಾನಾಗಿ ಮುಷ್ಟಿ ಕಟ್ಟಿರುತ್ತದೆ. ಒರೆಸಿಕೊಂಡು, ಎರಡು ನಿಮಿಷ ಬಿಟ್ಟು, ಈ ಸಲ ಉದ್ದನೆಯ ಉಸಿರು, ಸಡಿಲ ದವಡೆ, ಅಜ್ಜಿಮನೆಯ ಜಗಲಿಯೊಂದಿಗೆ ಹಿಡಿಯಿರಿ. ಮಂಜು ಅಷ್ಟೇ ತಣ್ಣಗಿರುತ್ತದೆ. ಆದರೆ ಆ ನಿಮಿಷದೊಳಗೆ ನೀವಿರುವ ರೀತಿ ಬೇರೆಯಾಗಿರುತ್ತದೆ. ಮಂಜಿನ ಕೊರೆತಕ್ಕೂ ಬೇನೆಗೂ ಹೋಲಿಕೆಯಿಲ್ಲ, ಅವಧಿ ಮಾತ್ರ ಸರಿಸುಮಾರು ಒಂದೇ: ಜೋರಾದ ಒಂದು ಬೇನೆಯೂ ಸುಮಾರು ಒಂದು ನಿಮಿಷದಲ್ಲಿ ಏರಿ ಇಳಿಯುತ್ತದೆ, ಮತ್ತೊಂದಕ್ಕೆ ಮೊದಲು ಬಿಡುವು ಸಿಗುತ್ತದೆ. ಆ ಬಿಡುವಿನಲ್ಲಿ ಮೈಯನ್ನು ಪೂರ್ತಿ ಇಳಿಬಿಡಲು ಬಂದರೆ ಶಕ್ತಿ ಉಳಿಯುತ್ತದೆ.

ಜೊತೆಗಿರುವವರು

ಚೊಚ್ಚಲ ಹೆರಿಗೆ ತವರಿನಲ್ಲಿ ಆಗುವುದು ನಮ್ಮ ರೂಢಿ. ಪತಿ ಬೇರೆ ಊರಿನಲ್ಲಿರಬಹುದು. ಅಲ್ಲದೆ 2016ರಿಂದ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಯ ವೇಳೆ ಜೊತೆಗಾತಿ ಇರಲು ಕೇಂದ್ರ ಸರ್ಕಾರ ಅವಕಾಶ ನೀಡಿದ್ದರೂ, ಅದು ಮುಖ್ಯವಾಗಿ ಹೆಂಗಸರಿಗೆ. ಮರೆಯ ವ್ಯವಸ್ಥೆ ಇರುವಲ್ಲಿ ಮಾತ್ರ ಪತಿಯನ್ನು ಬಿಡಬಹುದು. ಆದ್ದರಿಂದ ತಪಾಸಣೆಗೆ ಹೋದಾಗಲೇ ಆಸ್ಪತ್ರೆಯ ನಿಯಮ ಕೇಳಿಕೊಂಡು, ಆ ದಿನ ಪಕ್ಕದಲ್ಲಿ ಇರುವವರು ಅಮ್ಮನೋ ಅಕ್ಕನೋ ಅತ್ತಿಗೆಯೋ ಅವರೊಂದಿಗೇ ಅಭ್ಯಾಸ ಮಾಡಿ. ಪತಿ ಓದಿದ ಮಾತುಗಳನ್ನು ಮೊಬೈಲಿನಲ್ಲಿ ಮುದ್ರಿಸಿಕೊಂಡರೆ ಆ ದನಿಯೂ ಜೊತೆಗಿರುತ್ತದೆ.

ಜೊತೆಗಾತಿಗೆ ಮೂರು ಕೆಲಸ ಕಲಿಸಿದರೆ ಸಾಕು: ಭುಜದ ಮೇಲೆ ಅಂಗೈಯಿಟ್ಟು "ಭುಜ ಬಿಡಮ್ಮ" ಎನ್ನುವುದು, ಉಸಿರು ಹೊರಬಿಡುವುದನ್ನು ತಾನೂ ಕೇಳಿಸುವಂತೆ ಮಾಡಿ ತೋರಿಸುವುದು, ಸೊಂಟದ ಕೆಳಗೆ ಗಟ್ಟಿಯಾಗಿ ಒತ್ತುವುದು. ಮಗಳ ಸಂಕಟ ನೋಡಲಾರದೆ ಅಮ್ಮನೇ ಅಳಲು ಆರಂಭಿಸುವುದು ಸಹಜ. ಆದ್ದರಿಂದ ಅವರ ಭಯದ ಬಗ್ಗೆಯೂ ಮೊದಲೇ ಕುಳಿತು ಮಾತನಾಡಿ.

ಆ ದಿನ

ಚೊಚ್ಚಲ ಹೆರಿಗೆಯಲ್ಲಿ ಆರಂಭದ ಸಣ್ಣ ಬೇನೆಗಳು ಹಲವು ಗಂಟೆ ಸಾಗಬಹುದು. ಆಗ ನಡೆದಾಡಿ, ಸ್ನಾನ ಮಾಡಿ, ಸ್ವಲ್ಪ ತಿನ್ನಿ. ಅಭ್ಯಾಸವನ್ನು ಆಗಲೇ ಖರ್ಚುಮಾಡಬೇಡಿ. ಬೇನೆ ಬಂದಾಗ ಮಾತು ನಿಲ್ಲಿಸಬೇಕಾಗುವಷ್ಟು ಜೋರಾದ ಮೇಲೆ ಬೆರಳು ಜೋಡಿಸಿ, ಉಸಿರಿಗೆ ಬನ್ನಿ. ವಾರ್ಡಿನಲ್ಲಿ ಬೆಳಕು, ಟ್ರಾಲಿಯ ಸದ್ದು, ಪಕ್ಕದ ಹಾಸಿಗೆಯವರ ಕೂಗು ಇದ್ದೇ ಇರುತ್ತದೆ. ಮನೆಯಲ್ಲಿ ಕೊನೆಯ ಕೆಲವು ದಿನಗಳ ಅಭ್ಯಾಸವನ್ನು ಟಿವಿ, ಮಿಕ್ಸಿಯ ಸದ್ದಿನ ನಡುವೆಯೇ ಮಾಡಿದ್ದರೆ ಇದು ಅಷ್ಟಾಗಿ ಕಾಡುವುದಿಲ್ಲ. ಗರ್ಭಕೋಶದ ಕೊರಳು ಪೂರ್ತಿ ತೆರೆಯುವ ಮುಂಚಿನ ಹೊತ್ತಿನಲ್ಲಿ "ಇನ್ನು ನನ್ನ ಕೈಲಾಗದು" ಎನಿಸಿ ಕಲಿತದ್ದೆಲ್ಲ ಮರೆತಂತಾಗುವುದು ಬಹಳ ಮಂದಿಗೆ ಆಗುವ ಅನುಭವ. ಆಗ ಮೆಟ್ಟಿಲು, ಜಗಲಿ ಯಾವುದೂ ಬೇಡ; ಜೊತೆಗಾತಿಯ ಮುಖ ನೋಡುತ್ತ ಒಂದೊಂದೇ ಉಸಿರು ಹೊರಬಿಟ್ಟರೆ ಸಾಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ರಕ್ತಸ್ರಾವ, ಮಗುವಿನ ಚಲನೆ ಕಡಿಮೆಯಾಗುವುದು, ನೀರು ಒಡೆಯುವುದು, ಅದರಲ್ಲೂ ಹಸಿರು ಬಣ್ಣದ ನೀರು, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಜ್ವರ, ಫಿಟ್ಸ್, ಮೂವತ್ತೇಳು ವಾರಕ್ಕೆ ಮೊದಲೇ ಬರುವ ಬೇನೆ ಇವುಗಳಲ್ಲಿ ಯಾವುದು ಕಂಡರೂ ಉಸಿರಾಡುತ್ತ ಮನೆಯಲ್ಲಿ ಕೂರಬಾರದು. 108ಕ್ಕೆ ಕರೆ ಮಾಡಿ, ತಾಯಿ ಕಾರ್ಡ್ ಹಿಡಿದು ಕೂಡಲೇ ಹೊರಡಬೇಕು.

ನೋವು ತಡೆಯಲಾಗದಿದ್ದರೆ ಎಪಿಡ್ಯೂರಲ್ ಕೇಳುವುದು ಸೋಲಲ್ಲ. ಸಿಸೇರಿಯನ್ ಬೇಕಾದರೂ ಈ ಎರಡು ತಿಂಗಳು ವ್ಯರ್ಥವಾಗುವುದಿಲ್ಲ: ಬೆನ್ನಿಗೆ ಸೂಜಿ ಚುಚ್ಚುವಾಗ ಬಾಗಿ ಅಲುಗದೆ ಕೂರಬೇಕಾದ ಆ ಕೆಲವು ನಿಮಿಷಗಳಲ್ಲಿ, ಪರದೆಯಾಚೆ ವೈದ್ಯರು ಕೆಲಸ ಮಾಡುತ್ತಿರುವಾಗ, ಅದೇ ಎಣಿಕೆಯ ಉಸಿರು ಕೈಹಿಡಿಯುತ್ತದೆ. ಸಹಜ ಹೆರಿಗೆಯಾದವರಿಗೆ ಹೊಲಿಗೆ ಹಾಕುವಾಗಲೂ ಅಷ್ಟೇ. ಬಾಣಂತಿಗೆ ಮೊದಲ ದಿನಗಳಲ್ಲಿ ಮಗು ಮೊಲೆಗೆ ಬಾಯಿ ಹಾಕಿದಾಗಲೆಲ್ಲ ಗರ್ಭಕೋಶ ಕುಗ್ಗುತ್ತ ಹೊಟ್ಟೆ ಹಿಂಡಿದಂತಾಗುತ್ತದೆ, ಎರಡನೆಯ ಹೆರಿಗೆಯವರಿಗೆ ಇದು ಇನ್ನೂ ಜೋರು. ಆಗಲೂ ಭುಜ ಇಳಿಬಿಟ್ಟು, ನಾಲ್ಕು ಎಣಿಸಿ ಒಳಗೆ, ಎಂಟು ಎಣಿಸಿ ಹೊರಗೆ ಉಸಿರಾಡುತ್ತ ಹಾಲೂಡಿಸಬಹುದು.