ದೊರೆಯ ಮುಖವನ್ನು ಮಕ್ಕಳ ಕೈಗೆ ಕೊಟ್ಟೆ

‘ಸಮೂಹ ಮಾಧ್ಯಮ ಮತ್ತು ಆಳುವವರ ವರ್ಚಸ್ಸು’ ಅಂದರೆ ನಾವೆಲ್ಲ ಎರಡು ಪುಟ ನೋಟ್ಸ್ ಬರೆಸಿ ಕೈ ತೊಳೆದುಕೊಳ್ಳುತ್ತೇವೆ, ಅಲ್ವಾ? ವಿಜಯಪುರದ ನಮ್ಮ ಪಿಯು ಮಕ್ಕಳಿಗೆ ನಾನು ಅದನ್ನು ಮಾಡಿಸಿಯೇ ಕಲಿಸಿದೆ. “ಏನ್ರೀ ಸರ, ಇದು ಪರೀಕ್ಷಾಕ್ಕ ಬರ್ತೈತೇನ್ರೀ?” ಅಂತ ನಕ್ಕ ಗೆಳೆಯರೇ ಈಗ ನನ್ನ ನಾಣ್ಯದ ಡಬ್ಬಿ ಕಡ ಕೇಳುತ್ತಿದ್ದಾರೆ.

ಮೊದಲ ವರ್ಷ ಫ್ಲೆಕ್ಸ್ ಹೊಡೆಸಿದ್ದೆ. ಎರಡೂವರೆ ಸಾವಿರದ ಹತ್ತಿರ ಹೋಯಿತು. ಮಕ್ಕಳು ಅದರ ಮುಂದೆ ಸೆಲ್ಫಿ ತೆಗೆದುಕೊಂಡರು, ಓದಿದವರು ಯಾರೂ ಇಲ್ಲ. ಮುಂದಿನ ವರ್ಷ ಪ್ರೊಜೆಕ್ಟರ್ ಬಾಡಿಗೆಗೆ ತಂದೆ. ಅವತ್ತೇ ಕರೆಂಟು ಹೋಗಬೇಕೇ! ಬಾಡಿಗೆ ಮಾತ್ರ ಪೂರ್ತಿ ಕೊಟ್ಟೆ.

ಆಮೇಲೆ ನಾಣ್ಯ ಹಿಡಿದೆ. ನಮ್ಮ ವಿಜಯಪುರವನ್ನು ಆಳಿದ ಸುಲ್ತಾನರ ಆದಿಲ್‌ಶಾಹಿ ತಾಮ್ರದ ದುಡ್ಡು ನಮ್ಮ ಕಡೆ ಕೆಲವು ನೂರಕ್ಕೆ ಸಿಗುತ್ತದೆ. ಅದನ್ನು ಕೈಗಿಟ್ಟು “ಸುಲ್ತಾನ ಹೆಂಗಿದ್ದ ಹೇಳ್ರಿ” ಅಂದೆ. ತಿರುವಿ ಮುರುವಿ ನೋಡಿದರು. ಬರೀ ಅಕ್ಷರ. ಆ ಮನೆತನದ ಸುಲ್ತಾನ ಎರಡನೇ ಇಬ್ರಾಹಿಮನ ಚೆಂದದ ಚಿತ್ರಗಳಿವೆ, ಆದರೆ ಅವು ಆಸ್ಥಾನದವರಿಗೆ. ಸಂತೆಯವನಿಗೆ ಗೊತ್ತಿದ್ದದ್ದು ನಾಣ್ಯದ ಮೇಲಿನ ಹೆಸರು, ಶುಕ್ರವಾರ ಮಸೀದಿಯ ಪ್ರವಚನದಲ್ಲಿ (ಖುತ್ಬಾ) ಕೇಳಿದ ಹೆಸರು, ಅಷ್ಟೇ. ನಂತರ ವಿಕ್ಟೋರಿಯಾ ರೂಪಾಯಿ ಕೊಟ್ಟೆ. ಇದು ಬೆಳ್ಳಿ, ಎರಡು ಸಾವಿರ ಮೇಲೇ ಬಿತ್ತು. ಇಲ್ಲಿ ರಾಣಿಯ ಮುಖವೇ ಊರೂರಿನ ಜೇಬಿಗೆ ಬಂದಿದೆ.

1911ರ ಐದನೇ ಜಾರ್ಜ್ ರೂಪಾಯಿ ನನಗೆ ಸಿಕ್ಕಿಲ್ಲ, ಫೋಟೋದಲ್ಲೇ ತೋರಿಸಿದೆ. ಭೂತಗನ್ನಡಿಯಲ್ಲಿ ರಾಜನ ನಿಲುವಂಗಿ ನೋಡಿದರೆ ಒಂದು ಪುಟಾಣಿ ಆನೆ. ಸೊಂಡಿಲು ಮೋಟು. ಜನರ ಕಣ್ಣಿಗೆ ಅದು ಹಂದಿ! ಗಲಾಟೆಯಾಗಿ ನಾಣ್ಯ ವಾಪಸ್ ಪಡೆದರು, 1912ರಲ್ಲಿ ಆನೆಯನ್ನು ತಿದ್ದಿ ಹೊಸದು ತಂದರು. ಮುಖ ಎಲ್ಲರ ಕೈಗೆ ಹೋದರೆ ತಪ್ಪು ಹುಡುಕೋರೂ ಎಲ್ಲರೇ ಆಗುತ್ತಾರೆ. ಇದನ್ನು ನಾನು ಹೇಳಲಿಲ್ಲ, ಹಿಂದಿನ ಬೆಂಚಿನ ಹುಡುಗನೇ ಹೇಳಿದ.

ರೇಡಿಯೋಗೆ ಒಂದು ಬೆಡ್‌ಶೀಟು, ಒಂದು ಅಗ್ಗದ ಸ್ಪೀಕರು ಸಾಕು. ಪರದೆಯ ಹಿಂದೆ ಒಬ್ಬ ಒಂದೇ ನೋಟಿಸನ್ನು ಎರಡು ಸಲ ಓದುತ್ತಾನೆ: ಒಮ್ಮೆ ಸಭೆಯಲ್ಲಿ ಕೂಗಿದ ಹಾಗೆ, ಒಮ್ಮೆ ಮನೆ ಕಟ್ಟೆಯ ಮೇಲೆ ಕೂತ ಹಾಗೆ. ಮಕ್ಕಳು ನಂಬಿದ್ದು ಎರಡನೆಯದನ್ನೇ. ಆಗ ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಹೆಸರು ತೆಗೆದೆ. 1933ರ ಮಾರ್ಚಿನಲ್ಲಿ ಬ್ಯಾಂಕುಗಳು ಬಾಗಿಲು ಹಾಕಿದ್ದಾಗ ಆತ ರೇಡಿಯೋದಲ್ಲಿ ಹೀಗೇ ಮಾತಾಡಿದ. ಪೋಲಿಯೋದಿಂದ ಕಾಲು ಸೋತಿತ್ತು, ಗಾಲಿಕುರ್ಚಿಯ ಫೋಟೋ ಮಾತ್ರ ಪತ್ರಿಕೆಗೆ ಬರೋದು ತೀರಾ ಅಪರೂಪ.

ಸುಮ್ನೆ ಇನ್ನೊಂದು ಆಟವನ್ನೂ ಆಡಿದೆ. ತಿಳಿ ಬೂದು ಅಂಗಿಯವನನ್ನೂ ಕಡು ನೀಲಿ ಅಂಗಿಯವನನ್ನೂ ಸುಣ್ಣದ ಗೋಡೆಗೆ ನಿಲ್ಲಿಸಿ, ಮೊಬೈಲಲ್ಲಿ ಕಪ್ಪುಬಿಳುಪು ವಿಡಿಯೋ ತೆಗೆದೆ. ಬೂದು ಅಂಗಿಯವನು ಗೋಡೆಯಲ್ಲೇ ಕರಗಿ ಹೋದ! 1960ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಚುನಾವಣೆಯ ಟಿವಿ ಚರ್ಚೆಯಲ್ಲಿ ಅಭ್ಯರ್ಥಿ ನಿಕ್ಸನ್‌ಗೆ ಆಗಿದ್ದೂ ಇದೇ. ಮೊಣಕಾಲಿನ ಸೋಂಕಿನಿಂದ ಆಸ್ಪತ್ರೆ ಸೇರಿ ಸೊರಗಿದ್ದ ಬೇರೆ. ಎದುರಿಗೆ ಗಾಢ ಸೂಟಿನ ಎದುರಾಳಿ ಕೆನಡಿ.

ಮುಂದಿನದು ವಾಟ್ಸಾಪ್ ಸುತ್ತು, ಅದಿನ್ನೂ ಕೂಡಿಬಂದಿಲ್ಲ. ಡಬ್ಬಿ ಬೇಕಾದವರು ಒಯ್ಯಿರಿ. ಬೆಳ್ಳಿ ರೂಪಾಯಿ ಕೊಡುವ ಮುಂಚೆ ನಾನು ಮಕ್ಕಳಿಗೆ ಒಂದು ಪ್ರಶ್ನೆ ಕೇಳುತ್ತೇನೆ, ಅದನ್ನು ಮಾತ್ರ ಸದ್ಯಕ್ಕೆ ಕೊಡೋದಿಲ್ಲ.