ಹಳ್ಳಿ ಶಾಲೆಯಲ್ಲಿ ‘ಸಾಂಗ್‌ನೋಕ್ಸು’ ತೋರಿಸುವ ಬಗೆ

ಶಿನ್ ಸಾಂಗ್-ಓಕ್ 1961ರಲ್ಲಿ ನಿರ್ದೇಶಿಸಿದ, ಹಳ್ಳಿಯ ಮಕ್ಕಳಿಗೆ ಅಕ್ಷರ ಕಲಿಸುವ ಶಿಕ್ಷಕಿಯ ಕಥೆಯುಳ್ಳ ಕೊರಿಯನ್ ಚಿತ್ರ ‘ಸಾಂಗ್‌ನೋಕ್ಸು’ವನ್ನು (ಎಂದರೆ ನಿತ್ಯಹಸಿರು ಮರ) ರೋಣ, ನವಲಗುಂದ, ಸವಣೂರು ಕಡೆಯ ಶಾಲೆಗಳಲ್ಲಿ ತೋರಿಸಬಯಸುವ ಶಿಕ್ಷಕರು ಮೊದಲು ಕಥೆಯನ್ನು ಕನ್ನಡದಲ್ಲಿ ಹೇಳಬಲ್ಲ ಒಬ್ಬರನ್ನು ಗೊತ್ತುಮಾಡಿಕೊಳ್ಳಬೇಕು, ಪ್ರೊಜೆಕ್ಟರಿನ ಚಿಂತೆ ಆಮೇಲಿನದು. ಇಂಗ್ಲಿಷ್ ಅಡಿಬರಹವನ್ನು ಓದುವಷ್ಟರಲ್ಲಿ ಮಕ್ಕಳ ಕಣ್ಣೆದುರಿನ ದೃಶ್ಯ ದಾಟಿಹೋಗಿರುತ್ತದೆ. ಮೂಕಿ ಚಿತ್ರಗಳ ಕಾಲದಲ್ಲಿ ಕೊರಿಯಾದಲ್ಲಿಯೂ ಪರದೆಯ ಪಕ್ಕದಲ್ಲಿ ನಿಂತು ಕಥೆ ಹೇಳುವ ‘ಬ್ಯೊನ್ಸಾ’ಗಳಿದ್ದರು, ದೊಡ್ಡಾಟದ ಭಾಗವತರನ್ನು ಕೇಳಿ ಬೆಳೆದ ಸೀಮೆಗೆ ಇದು ಹೊಸದೇನಲ್ಲ. ಹೇಳುವವರು ಚಿತ್ರವನ್ನು ಮೊದಲೇ ನೋಡಿ, ದೃಶ್ಯಕ್ಕೆ ಎರಡು ಮೂರು ವಾಕ್ಯಗಳನ್ನು ಈ ಭಾಗದ ಆಡುಮಾತಿನಲ್ಲಿಯೇ ಬರೆದಿಟ್ಟುಕೊಂಡರೆ ಸಾಕು.

ಪೀಠಿಕೆ ಚಿಕ್ಕದಿರಲಿ. ಕೊರಿಯಾ 1910ರಿಂದ 1945ರವರೆಗೆ ಜಪಾನಿನ ವಸಾಹತಾಗಿತ್ತು. 1930ರ ದಶಕದ ಆರಂಭದಲ್ಲಿ ‘ದೊಂಗ್-ಆ ಇಲ್ಬೊ’ ಪತ್ರಿಕೆಯು ರಜೆಯ ದಿನಗಳಲ್ಲಿ ವಿದ್ಯಾರ್ಥಿಗಳನ್ನು ಹಳ್ಳಿಗಳಿಗೆ ಕಳಿಸಿ ಅಕ್ಷರ ಕಲಿಸುವ ಚಳವಳಿ ನಡೆಸಿತು. ಅದೇ ಪತ್ರಿಕೆಯ 1935ರ ಸ್ಪರ್ಧೆಯಲ್ಲಿ ಗೆದ್ದ ಶಿಮ್ ಹುನ್‌ರ ಕಾದಂಬರಿಯೇ ಚಿತ್ರಕ್ಕೆ ಮೂಲ. ನಾಯಕಿಯ ಪಾತ್ರಕ್ಕೆ ಪ್ರೇರಣೆಯಾದ ಹಳ್ಳಿ ಶಿಕ್ಷಕಿ ಚೊಯ್ ಯೊಂಗ್-ಶಿನ್ ಅದೇ ವರ್ಷ, ಮೂವತ್ತು ತುಂಬುವ ಮೊದಲೇ ತೀರಿಕೊಂಡಿದ್ದರು. ಮುಂಬಯಿ ಪ್ರಾಂತ್ಯದಲ್ಲಿ ಮರಾಠಿಯ ಮೇಲುಗೈ ಇದ್ದಾಗ ಡೆಪ್ಯುಟಿ ಚೆನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದದ್ದನ್ನೂ, 1890ರಲ್ಲಿ ಧಾರವಾಡದಲ್ಲಿ ವಿದ್ಯಾವರ್ಧಕ ಸಂಘ ಹುಟ್ಟಿದ್ದನ್ನೂ ಇಲ್ಲಿ ನೆನೆಯಬಹುದು. ಆದರೆ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು, ಏಕೆಂದರೆ ಕೊರಿಯಾದಲ್ಲಿ ಶಾಲೆಯ ಬಾಗಿಲಿಗೆ ಪೊಲೀಸರೇ ಬರುತ್ತಿದ್ದರು.

ಆ ಬಾಗಿಲೇ ಕಥೆಯ ಜೀವಾಳ. 80ಕ್ಕಿಂತ ಹೆಚ್ಚು ಮಕ್ಕಳನ್ನು ಕೂರಿಸಕೂಡದೆಂದು ಪೊಲೀಸರು ಆಜ್ಞೆ ಮಾಡಿದಾಗ ಶಿಕ್ಷಕಿ ನೆಲದ ಮೇಲೆ ಗೆರೆ ಎಳೆದು, ಅದರಾಚೆ ಕುಳಿತವರನ್ನು ಹೊರಗೆ ಕಳಿಸಬೇಕಾಗುತ್ತದೆ. ಅಲ್ಲಿಯೇ ಚಿತ್ರವನ್ನು ನಿಲ್ಲಿಸಿ, “ಹೊರಗ ಹೋದ ಹುಡುಗ್ರು ಈಗ ಏನ್ ಮಾಡ್ತಾರ?” ಎಂದಷ್ಟೇ ಕೇಳಿ ಸುಮ್ಮನಾಗಬೇಕು. ಮಕ್ಕಳು ಹತ್ತು ಬಗೆಯ ಉತ್ತರ ಕೊಡುತ್ತಾರೆ, ಯಾವುದನ್ನೂ ತಿದ್ದಬಾರದು. ಮುಂದೆ ಹೊರಗಿನವರು ಗೋಡೆಯನ್ನೂ ಮರವನ್ನೂ ಏರಿ ಪಾಠ ಕೇಳುವಾಗ ಕಥೆ ಹೇಳುವವರು ಬಾಯಿ ತೆರೆಯದಿರುವುದೇ ಒಳ್ಳೆಯದು.

ಪ್ರತಿಗಾಗಿ ಮೊದಲು ಕೊರಿಯನ್ ಫಿಲ್ಮ್ ಆರ್ಕೈವ್‌ನ ಯೂಟ್ಯೂಬ್ ಚಾನೆಲ್ಲಿನಲ್ಲಿ ಹುಡುಕಬೇಕು. ಹಳೆಯ ಚಿತ್ರಗಳು ಅಲ್ಲಿ ಉಚಿತವಾಗಿ ಸಿಗುತ್ತವೆ. ತಗಡಿನ ಶೀಟಿನ ಕೋಣೆಗಳಲ್ಲಿ ಹಗಲಿನ ಬೆಳಕನ್ನು ತಡೆಯುವುದು ಕಷ್ಟವಾದ್ದರಿಂದ ಸಂಜೆ ಏಳರ ನಂತರ ಆರಂಭಿಸಿದರೆ ಹೊಲದಿಂದ ಮರಳಿದ ತಾಯಂದಿರೂ ಬಂದು ಕೂರಬಹುದು. ನಾಯಕಿಯ ಸಾವಿನ ಭಾಗ ಸಣ್ಣ ತರಗತಿಯವರಿಗೆ ಭಾರವಾದೀತು. ನಡುವೆ ಬಿಡುವು ಕೊಟ್ಟು, ಚಿಕ್ಕವರನ್ನು ಆಗಲೇ ಮನೆಗೆ ಕಳಿಸುವುದು ಸೂಕ್ತ.