ಉಬುಂಟು ಪ್ಯಾಕೇಜುಗಳ ಭದ್ರತಾ ಬೆಂಬಲದ ಅವಧಿಯನ್ನು ಪರಿಶೀಲಿಸುವ ವಿಧಾನ

ಲಿನಕ್ಸ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆಯಾದ ಉಬುಂಟುವಿನ ಎಲ್‌ಟಿಎಸ್ (ದೀರ್ಘಾವಧಿ ಬೆಂಬಲದ) ಆವೃತ್ತಿಗೆ 5 ವರ್ಷ ಬೆಂಬಲವಿದೆ ಎಂದಾಗ, ಅದು ಗಣಕದಲ್ಲಿರುವ ಪ್ರತಿಯೊಂದು ಪ್ಯಾಕೇಜಿಗೂ (ಸ್ಥಾಪಿಸಬಹುದಾದ ತಂತ್ರಾಂಶದ ಕಟ್ಟಿಗೂ) ಅನ್ವಯಿಸುತ್ತದೆ ಎಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಆ ಭರವಸೆ ಮುಖ್ಯವಾಗಿ 'ಮೇನ್' ಮತ್ತು 'ರಿಸ್ಟ್ರಿಕ್ಟೆಡ್' ಎಂಬ ಭಂಡಾರಗಳಿಗೆ (ಪ್ಯಾಕೇಜುಗಳನ್ನು ಇಳಿಸಿಕೊಳ್ಳುವ ಆನ್‌ಲೈನ್ ಸಂಗ್ರಹಗಳಿಗೆ) ಸೀಮಿತ. ಸಾವಿರಾರು ಪ್ಯಾಕೇಜುಗಳಿರುವ 'ಯೂನಿವರ್ಸ್' ಭಂಡಾರವನ್ನು ಸಮುದಾಯದವರು ನೋಡಿಕೊಳ್ಳುತ್ತಾರೆ. ಅಲ್ಲಿ ದೋಷ ಪರಿಹಾರ ಸಕಾಲದಲ್ಲಿ ಬರುತ್ತದೆಂಬ ಖಾತರಿಯಿಲ್ಲ. ಎಲ್‌ಟಿಎಸ್ ಅಲ್ಲದ ಆವೃತ್ತಿಗಳಿಗಂತೂ ಬೆಂಬಲ ಕೇವಲ 9 ತಿಂಗಳು.

ಮೊದಲು ಟರ್ಮಿನಲ್ (ಆದೇಶಗಳನ್ನು ಬರೆಯುವ ಕಿಟಕಿ) ತೆರೆದು 'lsb_release -a' ಆದೇಶದಿಂದ ನಿಮ್ಮ ಆವೃತ್ತಿಯನ್ನು ಖಚಿತಪಡಿಸಿಕೊಳ್ಳಿ. ಉದಾಹರಣೆಗೆ, 24.04 ಆವೃತ್ತಿಯ ಸಾಮಾನ್ಯ ಬೆಂಬಲ 2029ರವರೆಗೆ ಇರುತ್ತದೆ. ನಂತರ 'pro security-status' ಆದೇಶವನ್ನು ನೀಡಿ. ಸ್ಥಾಪಿತವಾದ ಒಟ್ಟು ಪ್ಯಾಕೇಜುಗಳಲ್ಲಿ ಎಷ್ಟು ಯಾವ ಭಂಡಾರದಿಂದ ಬಂದಿವೆ, ಎಷ್ಟು ಹೊರಗಿನ ಮೂಲದವು, ಎಷ್ಟು ಈಗ ಯಾವ ಭಂಡಾರದಲ್ಲಿಯೂ ಲಭ್ಯವಿಲ್ಲ ಎಂಬುದನ್ನು ಅದು ತೋರಿಸುತ್ತದೆ.

ಈ ಕೊನೆಯ ಗುಂಪನ್ನೇ ಅತ್ಯಂತ ಗಮನವಿಟ್ಟು ನೋಡಬೇಕು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಕೈಯಾರೆ ಇಳಿಸಿಕೊಂಡ ಅಥವಾ ಹಳೆಯ ಆವೃತ್ತಿಯಿಂದ ಉಳಿದುಬಂದ ಇಂಥ ಪ್ಯಾಕೇಜುಗಳಿಗೆ ಸಾಮಾನ್ಯ ಅಪ್‌ಡೇಟ್ ಮೂಲಕ ಯಾವ ಪರಿಹಾರವೂ ತಲುಪುವುದಿಲ್ಲ. ಅದೇ ಆದೇಶಕ್ಕೆ '--unavailable' ಸೇರಿಸಿದರೆ ಅವುಗಳ ಹೆಸರುಗಳು ಸಿಗುತ್ತವೆ. ಬಳಕೆಯಲ್ಲಿ ಇಲ್ಲದವನ್ನು ತೆಗೆದುಹಾಕಿ. ಒಂದೇ ಪ್ಯಾಕೇಜಿನ ಮೂಲ ತಿಳಿಯಲು 'apt policy' ಎಂದು ಬರೆದು ಅದರ ಹೆಸರನ್ನು ಸೇರಿಸಿದರೆ ಸಾಕು.

ಯೂನಿವರ್ಸ್ ಪ್ಯಾಕೇಜುಗಳು ಅನಿವಾರ್ಯವಾಗಿದ್ದರೆ ಉಬುಂಟು ಪ್ರೊ ಸೇವೆಗೆ ಸೇರಿಕೊಳ್ಳಬಹುದು. ವೈಯಕ್ತಿಕ ಬಳಕೆಗೆ 5 ಯಂತ್ರಗಳವರೆಗೆ ಉಚಿತವಾಗಿರುವ ಈ ಸೇವೆಯು ಮೇನ್ ಮತ್ತು ಯೂನಿವರ್ಸ್ ಎರಡೂ ಭಂಡಾರಗಳ ಭದ್ರತಾ ಅವಧಿಯನ್ನು 10 ವರ್ಷಗಳಿಗೆ ವಿಸ್ತರಿಸುತ್ತದೆ.